ಮುತ್ಯಾನಿಗೆ ನಾನು ಕೊಟ್ಟ ತರಬೇತಿ

ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಕಂಪನಿಯಲ್ಲಿ ಅಮೆರಿಕದ ಗಿರಾಕಿ ಮುನಿಸಿಕೊಂಡರೆ ಸಮಾಧಾನ ಮಾಡಲು ನನ್ನನ್ನೇ ಮುಂದೆ ಬಿಡುತ್ತಿದ್ದರು. ಅಂಥವನಿಗೆ ಒಂದು ನಾಯಿಮರಿಯನ್ನು ತಿದ್ದುವುದು ಯಾವ ಲೆಕ್ಕ? ಅಂಧರಿಗೆ ದಾರಿ ತೋರಿಸುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯೊಂದು, ಮರಿಗಳನ್ನು ಒಂದು ವರ್ಷ ಸಾಕಿಕೊಡುವ ಮನೆಗಳನ್ನು ಹುಡುಕುತ್ತಿದೆ ಎಂದು ತಿಳಿದ ದಿನವೇ ಘೋಷಿಸಿಬಿಟ್ಟೆ: ಇಡೀ ದೇಶದಲ್ಲಿ ಇಂಥ ನಾಯಿ ಇನ್ನೊಂದಿರಬಾರದು, ಹಾಗೆ ತಯಾರು ಮಾಡುತ್ತೇನೆ!

ನನ್ನ ಹೆಂಡತಿ ವಿಜಯಶ್ರೀ, ಅದಕ್ಕೆ ಅನ್ನ ಹಾಕುವವರು ಯಾರು, ಒರೆಸುವವರು ಯಾರು ಎಂದಷ್ಟೇ ಕೇಳಿದಳು. ಅಂಥ ಸಣ್ಣ ವಿಷಯಗಳನ್ನು ನಾನು ಅವಳಿಗೇ ಬಿಟ್ಟೆ.

ಸಂಸ್ಥೆಯ ತರಬೇತುದಾರರಾದ ಸುಭದ್ರಾ ಮೇಡಂ ಮೈಸೂರಿನವರು. ಒಂದು ಲ್ಯಾಬ್ರಡಾರ್ ಮರಿಯನ್ನು ನಮ್ಮ ಕೊಂಡಾಪುರದ ಮನೆಗೆ ತಂದು ಬಿಟ್ಟರು. ಪ್ರೀತಿಯಿಂದ ಬೆಳೆಸಿ, ಜನಜಂಗುಳಿಗೆ ಅಭ್ಯಾಸ ಮಾಡಿಸಿ, ತಟ್ಟೆಗೆ ಬಾಯಿ ಹಾಕದಂತೆ ಕಲಿಸಿ, ಸಾಕು. ದಾರಿ ತೋರಿಸುವ ವಿದ್ಯೆಯನ್ನು ಆಮೇಲೆ ನಾವು ಕಲಿಸುತ್ತೇವೆ, ನೀವು ಕೈ ಹಾಕಬೇಡಿ ಎಂದು ನನ್ನ ಮುಖ ನೋಡಿಯೇ ಹೇಳಿದರು. ಸುಲ್ತಾನ್ ಬಜಾರಿನ ಪಾರ್ವತಿಬಾಯಿ ಎಂಬ ಸಂಗೀತದ ಟೀಚರ್ ಈ ನಾಯಿಗಾಗಿ ಕಾಯುತ್ತಿದ್ದರಂತೆ. ಕಣ್ಣು ಹೋದಂದಿನಿಂದ ಯಾರದಾದರೂ ಕೈ ಹಿಡಿದೇ ಅವರು ಶಾಲೆಗೆ ಹೋಗಬೇಕಿತ್ತು. ವರ್ಷದ ಕೊನೆಗೆ ಸಂಸ್ಥೆ ನಡೆಸುವ ಪರೀಕ್ಷೆಯಲ್ಲಿ ಈ ಮರಿ ಫೇಲಾದರೆ ಅವರು ಮತ್ತೊಂದು ಮರಿ ಬೆಳೆಯುವವರೆಗೆ ಕಾಯಬೇಕು.

ಮರಿಯದು ಸುಕ್ಕುಗಟ್ಟಿದ ಹಣೆ, ಗಂಭೀರ ನೋಟ. ಪಂಚಾಯಿತಿಗೆ ಕೂತ ಹಿರಿಯನಂತಿದೆ ಎಂದು ವಿಜಯಶ್ರೀ ಅದಕ್ಕೆ 'ಮುತ್ಯಾ' ಎಂದು ಹೆಸರಿಟ್ಟಳು. ನಮ್ಮ ಬಾಗಲಕೋಟೆ ಕಡೆ ಅಜ್ಜನಿಗೆ ಹಾಗೆನ್ನುತ್ತಾರೆ. ಮುತ್ಯಾ ಬೆಳೆದದ್ದು ಮಾತ್ರ ಆ ಕಾಲದ ಕೊಂಡಾಪುರದ ಅಪಾರ್ಟ್‌ಮೆಂಟುಗಳ ಹಾಗೆ: ಬೆಳಿಗ್ಗೆ ಆಫೀಸಿಗೆ ಹೋಗಿ ಸಂಜೆ ಬರುವಷ್ಟರಲ್ಲಿ ಒಂದು ಅಂತಸ್ತು ಮೇಲೆ! ಸೋಫಾ ಅದರದಾಯಿತು, ನನ್ನದು ನೆಲ.

ವಿಜಯಶ್ರೀ "ಕುಂದರು" ಅಂದರೆ ಕೂರುತ್ತಿತ್ತು. ವಾಚ್‌ಮನ್ ತೆಲುಗಿನಲ್ಲಿ ಹೇಳಿದರೂ, ಹಾಲಿನವನು ಹಿಂದಿಯಲ್ಲಿ ಹೇಳಿದರೂ ಕೂರುತ್ತಿತ್ತು. ಇಷ್ಟು ವರ್ಷ ಹೈದರಾಬಾದಿನಲ್ಲಿದ್ದೂ ಆಟೋದವನೊಡನೆ ತಡವರಿಸುವ ನಾನು ಬೆರಗಾಗಿ ನೋಡುತ್ತಿದ್ದೆ. ನಾನು ಇಂಗ್ಲಿಷಿನಲ್ಲಿ ಗತ್ತಿನಿಂದ ಹೇಳಿದರೆ ಮಾತ್ರ ಅದು ವಿಜಯಶ್ರೀಯ ಮುಖ ನೋಡುತ್ತಿತ್ತು. ಅವಳು ತಲೆಯಾಡಿಸಿದ ಮೇಲೆಯೇ ಕೂರುವುದು.

ಪರೀಕ್ಷೆ ಹತ್ತಿರವಾದಂತೆ ನನಗೆ ದಿಗಿಲು ಶುರುವಾಯಿತು. ನನ್ನ ಮಾತನ್ನೇ ಕೇಳದ ನಾಯಿ ಪಾರ್ವತಿಬಾಯಿಯವರ ಮಾತು ಕೇಳೀತೇ? ಒಂದು ಭಾನುವಾರ ಬೆಳಿಗ್ಗೆ ವಿಜಯಶ್ರೀಯ ದುಪಟ್ಟಾದಿಂದ ಕಣ್ಣು ಕಟ್ಟಿಕೊಂಡು, ಬೆಲ್ಟು ಹಿಡಿದು, ಮುತ್ಯಾನೊಂದಿಗೆ ಬೀದಿಗಿಳಿದೇಬಿಟ್ಟೆ. ಅವಳು ತಡೆಯಲು ನೋಡಿದಳು, ಆಗಲಿಲ್ಲ. ಗೊಣಗುತ್ತಾ ದೂರದಿಂದ ಹಿಂಬಾಲಿಸಿದಳು.

ಆಹಾ, ಎಂಥ ನಡಿಗೆ! ನಿಂತ ಸ್ಕೂಟರನ್ನು ಬಳಸಿ, ತರಕಾರಿ ಗಾಡಿಯನ್ನು ದಾಟಿ ಮುತ್ಯಾ ನನ್ನನ್ನು ಮದುಮಗನಂತೆ ಕರೆದೊಯ್ದ. ಬೀದಿಯ ತಿರುವಿನಲ್ಲಿ ಇದ್ದಕ್ಕಿದ್ದಂತೆ ನಿಂತ. ನಡೆ ಎಂದೆ. ನಡೆಯಲಿಲ್ಲ. ಗದರಿದೆ. ನನ್ನ ಕಾಲಿಗೆ ಅಡ್ಡವಾಗಿ ಮಲಗಿಯೇಬಿಟ್ಟ. ದೂರದಿಂದ ವಿಜಯಶ್ರೀ ಏನೋ ಕೂಗುತ್ತಿದ್ದಳು. ಅವಳು ಯಾವಾಗಲೂ ಏನಾದರೂ ಕೂಗುವವಳೇ ಎಂದುಕೊಂಡೆ. ಹಟಮಾರಿ ನಾಯಿಗೆ ಯಜಮಾನ ಯಾರೆಂದು ತೋರಿಸಲು ಅದನ್ನು ದಾಟಿ ಗಂಭೀರವಾಗಿ ಹೆಜ್ಜೆ ಇಟ್ಟೆ.

ನೆಲವೇ ಇರಲಿಲ್ಲ.

ಯಾವುದೋ ಕೇಬಲ್ಲಿಗಾಗಿ ಹಿಂದಿನ ದಿನ ಅಗೆದ ಗುಂಡಿ. ಎದೆಮಟ್ಟದ ಕೆಸರಿನಲ್ಲಿ ನಿಂತು ದುಪಟ್ಟಾ ಕಿತ್ತು ಮೇಲೆ ನೋಡಿದೆ. ಬೆಲ್ಟಿನ ಒಂದು ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು. ಇನ್ನೊಂದು ತುದಿಯಲ್ಲಿ ಮುತ್ಯಾ ನಾಲ್ಕೂ ಕಾಲು ನೆಲಕ್ಕೆ ಊರಿ, ಮೈ ಹಿಂದಕ್ಕೆ ಜಗ್ಗಿ ನಿಂತಿದ್ದ. ಅವನ ಕುತ್ತಿಗೆ ಬಿಗಿಯುತ್ತಿತ್ತು, ಆದರೂ ಅಲುಗಲಿಲ್ಲ. ನನ್ನ ಜಾಗದಲ್ಲಿ ಆ ಟೀಚರ್ ಇದ್ದಿದ್ದರೆ, ಇವನು ನಿಂತಲ್ಲೇ ಅವರೂ ನಿಂತಿರುತ್ತಿದ್ದರು, ಒಂದು ಹನಿ ಕೆಸರೂ ಸೋಕದೆ. ಬೆಲ್ಟು ಬಿಟ್ಟು, ಆ ಮೂಕ ಪ್ರಾಣಿಗೆ ಕೆಸರಿನಿಂದಲೇ ಕೈ ಮುಗಿದೆ. ಸುತ್ತ ನೆರೆದವರು ನನ್ನನ್ನು ಕುರುಡನೆಂದು ತಿಳಿದು ಮರುಗಿ ಮೇಲೆತ್ತಿದರು. ಆ ಜನರ ತಪ್ಪು ತಿಳಿವಳಿಕೆಯನ್ನು ವಿಜಯಶ್ರೀ ತಿದ್ದಲಿಲ್ಲ.

ಪರೀಕ್ಷೆಯ ದಿನ ಸುಭದ್ರಾ ಮೇಡಂ ಜೊತೆ ಪಾರ್ವತಿಬಾಯಿಯವರೂ ನಮ್ಮ ಮನೆಗೆ ಬಂದರು. ಮುತ್ಯಾ ತಾನಾಗಿಯೇ ಹೋಗಿ ಅವರ ಮಂಡಿಯ ಮೇಲೆ ತಲೆ ಇಟ್ಟ. ಅವರ ಬೆರಳುಗಳು ಅವನ ಹಣೆಯ ಸುಕ್ಕುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದವು.

ಗುಂಡಿಯ ಕಥೆಯನ್ನು ಸುಭದ್ರಾ ಮೇಡಂ ವಿಜಯಶ್ರೀಯಿಂದ ಎರಡು ಸಲ ಹೇಳಿಸಿಕೊಂಡರು.

"ಮುಂದೆ ಅಪಾಯ ಇದ್ರೆ ಯಜಮಾನ ನಡಿ ಅಂದ್ರೂ ನಡೀಬಾರದು. ಎಲ್ಲಕ್ಕಿಂತ ಕಷ್ಟದ ಪಾಠ ಅದು, ನಮಗೇ ತಿಂಗಳುಗಟ್ಟಲೆ ಹಿಡಿಯುತ್ತೆ. ಇವನಿಗೆ ಯಾರು ಕಲಿಸಿದ್ರು?"

ನಾನು ವಿನಯದಿಂದ ಕಾಲರ್ ಸರಿಮಾಡಿಕೊಂಡೆ. ವಿಜಯಶ್ರೀ ನನ್ನ ಕಡೆ ಬೆರಳು ತೋರಿಸಿದಳು.

"ಇವರ ಕಲಿಸ್ಯಾರ್ರಿ. ಇವರ ಜೋಡಿ ಒಂದು ವರ್ಷ ಇದ್ದರ ಇವರ ಮಾತು ಯಾವಾಗ ಕೇಳಬಾರದು ಅನ್ನೂದು ಯಾರಿಗೆ ಬೇಕಾದರೂ ಬರ್ತೈತಿ. ನನಗ ಆರು ತಿಂಗಳಾಗ ಬಂತ್ರಿ."