ಸೊಸೆಯ ಲೂಪು, ಮದುವೆಯ ಲಕೋಟೆ

೧. ಎಲ್ಲರೂ ಶ್ರೀ

ಬೈಂದೂರಿನ ಗಿರಾಕಿಯೊಬ್ಬರು ಮಗಳ ಮದುವೆ ಕಾಗದ ಅಚ್ಚು ಹಾಕಿಸಲು ಕುಂದಾಪುರದ ನಮ್ಮ ಪ್ರೆಸ್ಸಿಗೆ ಬಂದರು. ಲಕೋಟೆಯ ಮೇಲೆ ಹೆಸರೂ ಅಚ್ಚಾಗಬೇಕೆಂದರು. ನಾನು ಆಗದು ಎನ್ನುವವನಿದ್ದೆ. ಸೊಸೆ, "ನಾ ಮಾಡ್ತೆ ಮಾವಯ್ಯ" ಎಂದಳು.

ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದು ಹೆಸರು ಹಾಕಿದಳು. ಜೊತೆಗೆ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಪುಟ್ಟದೊಂದು ಬ್ಯಾಚ್ ಫೈಲ್ ಬರೆದಳು. ಅದರೊಳಗಿನ ಲೂಪು ಮೇಲಿನಿಂದ ಒಂದೊಂದೇ ಸಾಲು ಓದಿ ಒಂದೊಂದೇ ಲಕೋಟೆ ಅಚ್ಚು ಹಾಕುತ್ತದಂತೆ. ಹಾಕಿತು. ಪ್ರತಿಯೊಂದರ ಮೇಲೂ "ಶ್ರೀ". ಅಷ್ಟೇ.

"ಇಡೀ ಸಾಲ್ ಬೇಕ್ ಅಂತ ಹೇಳದಿದ್ರೆ ಅದ್ ಮೊದಲ್ನೇ ಶಬ್ದ ಮಾತ್ರ ತಕಂತ್" ಎಂದು ಕೂತಲ್ಲೇ ಸರಿಪಡಿಸಿದಳು.

ಗಿರಾಕಿ ಹಾಳಾದ ಲಕೋಟೆಯೊಂದನ್ನು ಎತ್ತಿ ನೋಡಿದರು. "ಹ್ವಾಯ್, ಇದೇ ಒಳ್ಳೇದಲ್ದಾ? ಯಾರಿಗ್ ಬೇಕಾರೂ ಕೊಡ್ಲಕ್."

೨. ಬಿಟ್ಟ ಸಾಲು

ಪರದೆಯ ಮೇಲಿನ ಪಟ್ಟಿಯಲ್ಲಿ ಗಿರಾಕಿಗೆ ತಮ್ಮ ಅಣ್ಣನ ಹೆಸರು ಕಂಡಿತು. ಹಂಗಾರಕಟ್ಟೆಯ ಅಣ್ಣ. ದೋಣಿಯ ಪಾಲಿನ ವಿಷಯದಲ್ಲಿ ಇಬ್ಬರಿಗೂ ಮಾತು ನಿಂತಿತ್ತು. ಹೆಸರು ಸೇರಿಸಿದವರು ಗಿರಾಕಿಯ ಹೆಂಡತಿ. ದೊಡ್ಡಪ್ಪನಿಲ್ಲದೆ ಮಗಳ ಧಾರೆ ಹೇಗೆ ಎಂಬುದು ಅವರ ಚಿಂತೆ.

"ಅದನ್ನ್ ಅಳ್ಸ್ ಹೆಣ್ಣೇ."

"ಅಳ್ಸುದ್ ಬ್ಯಾಡ. ಸಾಲಿನ ಮೊದಲಿಗೆ ಒಂದ್ ಸೆಮಿಕೋಲನ್ ಹಾಕ್ತೆ. ಲೂಪು ಅದನ್ನ್ ಬಿಟ್ಟ್ ಮುಂದೆ ಹೋತ್ತ್. ಹೆಸ್ರ್ ಅಲ್ಲೇ ಇರತ್ತ್."

ಅಳಿಸದೆ ಬಿಡುವ ಉಪಾಯ ನನಗೆ ಹಿಡಿಸಿತು.

ಗಿರಾಕಿ ಯೋಚಿಸಿದರು. "ಹೆಸ್ರ್ ಇರತ್ತ್, ಕರೀಕಂತಿಲ್ಲ. ಈಗ್ಳೂ ಅಂವ ಇಪ್ಪುದ್ ಹಾಂಗೇ. ಹಾಕ್."

೩. ಮತ್ತೆ ಮೇಲಿನಿಂದ

ಕಾಗದ ಹಂಚಿ ಮುಗಿಯಿತು. ಒಂದು ವಾರಕ್ಕೆ ಗಿರಾಕಿ ಮತ್ತೆ ಬಂದರು. ಕರೆಯದಿದ್ದರೂ ಅಣ್ಣ ಮದುಮಗಳಿಗೆ ಸೀರೆ ಕಳಿಸಿದ್ದರಂತೆ.

"ಆ ಚುಕ್ಕಿ ತೆಗಿ ಮಗಾ."

ಸೊಸೆ ತೆಗೆದು ಲೂಪು ಓಡಿಸಿದಳು. ಅದು ಮತ್ತೆ ಮೊದಲ ಸಾಲಿನಿಂದ ಶುರು ಮಾಡಿತು. "ಅಯ್ಯೋ, ನಿಲ್ಸ್ತೆ" ಎಂದಳು.

"ಬ್ಯಾಡ. ಅಣ್ಣನ ಹೆಸ್ರ್ ಬಪ್ಪುದ್ ಕಾಣ್ಕ್."

ನಿಂತೇ ಕಾದರು. ಬಂತು. ಜೇಬಿಗೆ ಹಾಕಿಕೊಂಡರು. ಹೆಸರು ಬಿದ್ದ ಲಕೋಟೆ ಹಾಳು ಮಾಡುವುದೆಂತಕೆ ಎಂದು ಉಳಿದವನ್ನೂ ಒಯ್ದರು. ಮನೆಯಲ್ಲಿ ಮಿಕ್ಕಿದ್ದ ಕಾಗದ ತುಂಬಿ ಅಣ್ಣನಿಗೆ ಮೊದಲ ಸಲ, ಉಳಿದವರಿಗೆಲ್ಲ ಮತ್ತೊಮ್ಮೆ ಅಂಚೆಗೆ ಹಾಕಿದರು.

ನಾಲ್ಕು ದಿನದಲ್ಲಿ, ಕಾಗದದ ಅಡಿಯಲ್ಲಿದ್ದ ನಮ್ಮ ನಂಬರು ನೋಡಿ, ಪ್ರೆಸ್ಸಿಗೆ ಹಂಗಾರಕಟ್ಟೆಯಿಂದ ಫೋನು. ಅಣ್ಣ.

"ಊರಿಗೆಲ್ಲ ಎರಡೆರಡ್ ಕಾಗ್ದ ಬಂತಂಬ್ರ್. ನಂಗೆ ಒಂದೇ ಎಂತಕೆ?"

ಸೊಸೆ ಅವರೊಬ್ಬರದೇ ಸಾಲು ಇಟ್ಟು ಲೂಪು ಓಡಿಸಿದಳು.

ಎರಡನೆಯದು ಕೈಸೇರಿದ ಮೇಲೆ ಅಣ್ಣ ಮದುವೆಗೆ ಬಂದರು.