ಲ್ಯಾಪ್‌ಟಾಪಿಗೆ ಗಂಟಲು ಕಟ್ಟಿದ ದಿನ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕಿವಿಯಣ್ಣ ಕಚೇರಿಯ ಲ್ಯಾಪ್‌ಟಾಪಿನಲ್ಲಿ ಒಂದನೇ ಅಧ್ಯಾಯವನ್ನು ಚಾಲೂ ಮಾಡಿದ. ಪರದೆಯ ಮೇಲೆ ಸೆಕೆಂಡುಗಳು ಓಡಿದವು. ಶಬ್ದ ಬರಲಿಲ್ಲ. ವಾಲ್ಯೂಮನ್ನು ನೂರಕ್ಕೆ ಏರಿಸಿದ. ಸೆಕೆಂಡುಗಳು ಓಡುತ್ತಲೇ ಇದ್ದವು, ಶಬ್ದ ಆಗಲೂ ಬರಲಿಲ್ಲ. ಎರಡನೇ ಅಧ್ಯಾಯ, ಐದನೇ ಅಧ್ಯಾಯ, ಕೊನೆಗೆ ಹದಿನಾಲ್ಕನೆಯದು. ಒಂದೊಂದೂ ಹಲ್ಲುನೋವಿನವರ ಹಾಗೆ ಬಾಯಿ ಬಿಗಿದುಕೊಂಡಿತ್ತು.

ಕಿವಿಯಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಕೆಲಸದಿಂದ ಅಂಟಿಕೊಂಡದ್ದು. ದೃಷ್ಟಿಯಿಲ್ಲದವರಿಗಾಗಿ ಪುಸ್ತಕಗಳನ್ನು ಓದಿಸಿ, ಧ್ವನಿ ಮುದ್ರಿಸಿ, ಮೆಮೊರಿ ಕಾರ್ಡಿನಲ್ಲಿ ಅಂಚೆ ಮೂಲಕ ಕಳಿಸುವ ಗ್ರಂಥಾಲಯ ಅದು. ನಿವೃತ್ತ ಟೀಚರಮ್ಮ ಒಬ್ಬರು ಒಳಕೋಣೆಯಲ್ಲಿ ಮೈಕಿನ ಮುಂದೆ ಕೂತು ವಾರಕ್ಕೊಂದರಂತೆ ಒಂದು ದೊಡ್ಡ ಕಾದಂಬರಿಯ ಅಧ್ಯಾಯಗಳನ್ನು ಓದುತ್ತಿದ್ದರು. ಓದಿದ್ದನ್ನು ಪುಸ್ತಕದ ಜೊತೆ ಹೋಲಿಸಿ ಕೇಳಿ, ರಿಜಿಸ್ಟರಿನಲ್ಲಿ ‘ಕೇಳಿದೆ, ಸರಿಯಿದೆ’ ಎಂದು ಸಹಿ ಹಾಕುವುದು ಇವನ ಕೆಲಸ. ಕೇಳಲು ನಲವತ್ತು ನಿಮಿಷ ಬೇಕು, ಸಹಿಗೆ ನಾಲ್ಕು ಸೆಕೆಂಡು ಸಾಕು. ಹದಿನಾಲ್ಕು ವಾರಗಳಿಂದ ಕಿವಿಯಣ್ಣ ನಾಲ್ಕು ಸೆಕೆಂಡಿನ ಭಾಗವನ್ನು ಮಾತ್ರ ತಪ್ಪದೆ ಮಾಡಿಕೊಂಡು ಬಂದಿದ್ದ. ಜೀವಮಾನವಿಡೀ ತರಗತಿಯಲ್ಲಿ ಪಾಠ ಓದಿದವರು ಇಲ್ಲಿ ಬಂದು ತಪ್ಪು ಓದುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಈ ದಿನ ಮಾತ್ರ ಕೇಳದೆ ವಿಧಿಯಿರಲಿಲ್ಲ. ಸಂಜೆ ನಾಲ್ಕಕ್ಕೆ ನಿರ್ದೇಶಕರು ಬರುವವರಿದ್ದರು. ಒಂದು ಅಧ್ಯಾಯ ಕೇಳಿ ನೋಡಿ, ಆರು ವರ್ಷಗಳಿಂದ ಹಂಗಾಮಿಯಾಗಿರುವ ಕಿವಿಯಣ್ಣನ ಕೈಗೆ ಕಾಯಂ ನೇಮಕದ ಆದೇಶ ಕೊಡುವುದೆಂದು ಗೊತ್ತಾಗಿತ್ತು. ಹೆಂಡತಿ ಆಗಲೇ ತವರಿನವರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು.

ತಪ್ಪು ಯಾರದೆಂದು ಹುಡುಕಲು ಕಚೇರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಮೊನ್ನೆ ಸೋಮವಾರ ತಂತ್ರಜ್ಞನೊಬ್ಬ ಬಂದು, ಹಳೆಯ ಲ್ಯಾಪ್‌ಟಾಪಿನಿಂದ ಹಳೆಯ ವ್ಯವಸ್ಥೆಯನ್ನು ಅಳಿಸಿ, ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್ ವ್ಯವಸ್ಥೆಯನ್ನು ಹಾಕಿ ಹೋಗಿದ್ದ. ಹೋದವನ ಫೋನ್ ಸ್ವಿಚ್ ಆಫ್ ಆಗಿತ್ತು.

ಟೈಪಿಸ್ಟ್ ಅಕ್ಕ ಕುರ್ಚಿಯನ್ನೇ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. “ಪುಕ್ಕಟೆ ಬಂದಿದ್ದು ಕೆಲಸಾನೂ ಮಾಡ್ಬೇಕು, ಮಾತೂ ಆಡ್ಬೇಕು ಅಂದ್ರೆ ಹೇಗೆ?” ಎಂದು ಕೇಳಿ, ಲ್ಯಾಪ್‌ಟಾಪನ್ನು ಮೂರು ಸಲ ಆರಿಸಿ ಮೂರು ಸಲ ಹೊತ್ತಿಸಿದಳು. ನಾಲ್ಕನೇ ಸಲಕ್ಕೆ ಕೆಳಮಹಡಿಯ ರೇಡಿಯೊ ರಿಪೇರಿಯವರು ಕನ್ನಡಕ ಏರಿಸಿಕೊಂಡು ಬಂದರು. ಲ್ಯಾಪ್‌ಟಾಪನ್ನು ಕೂಸಿನಂತೆ ಬೋರಲು ಹಾಕಿ, ಹಿಂಬದಿ ಬಿಚ್ಚಿ, ಸ್ಪೀಕರಿನ ತಂತಿಗಳನ್ನು ಮುಟ್ಟಿ ನೋಡಿ, ಉಫ್ ಎಂದು ಊದಿ, ಮತ್ತೆ ಮುಚ್ಚಿದರು. ಒಂದು ಸ್ಕ್ರೂ ಹೊರಗೇ ಉಳಿಯಿತು. ಅದು ಮೊದಲಿನಿಂದಲೂ ಹೆಚ್ಚುವರಿಯೇ ಎಂದು ತೀರ್ಪು ಕೊಟ್ಟರು.

ಹನ್ನೆರಡೂವರೆಗೆ ಕಿವಿಯಣ್ಣ ಭಾವಮೈದುನನಿಗೆ ಫೋನ್ ಮಾಡಿದ. ಕಂಪ್ಯೂಟರ್ ಬಲ್ಲವನೆಂದು ಆ ಮನೆಯಲ್ಲಿ ಅವನಿಗೆ ಬಹಳ ಮರ್ಯಾದೆ. ಅದೇ ಕಾರಣಕ್ಕೆ ಕಿವಿಯಣ್ಣ ಅವನನ್ನು ಕೊನೆಗೆ ಉಳಿಸಿಕೊಂಡಿದ್ದ.

“ಬೇರೆ ಏನಾದ್ರೂ ಹಾಕಿ ನೋಡಿದ್ರಾ ಭಾವ?”

“ಹದಿನಾಲ್ಕು ಬೇರೆ ಬೇರೆ ಫೈಲ್ ಹಾಕಿದ್ದೀನಪ್ಪ. ಒಂದೂ ಉಸಿರೆತ್ತಲ್ಲ.”

“ಹಾಗಾದ್ರೆ ಮೆಷಿನ್‌ದೇ. ಟರ್ಮಿನಲ್ ತೆಗೀರಿ.”

ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯೊಂದು ತೆರೆಯಿತು. ಭಾವಮೈದುನ ಒಂದೊಂದೇ ಅಕ್ಷರ ಹೇಳಿದ, ಇವನು ಒಂದೊಂದೇ ಅಕ್ಷರ ಒತ್ತಿದ. ತಂದೆಯ ಕಾಲದ ತಂತಿ ಕಚೇರಿಯಲ್ಲೂ ಕೆಲಸ ಇದಕ್ಕಿಂತ ಬೇಗ ಸಾಗಿದ್ದೀತು. ಪರದೆಯ ಮೇಲೆ ಹಸಿರು ಕಂಬಗಳ ಸಾಲು ಎದ್ದು ನಿಂತಿತು. ಹೆಡ್‌ಫೋನ್ ಎಂಬ ಕಂಬದ ಬುಡದಲ್ಲಿ ಎರಡು ಎಮ್ ಇದ್ದವು. ಅಂದರೆ ಅದರ ಬಾಯಿ ಮುಚ್ಚಿದೆ, ಎಮ್ ಒತ್ತಿ ತೆಗೆಯಿರಿ ಎಂದ. ತೆಗೆದದ್ದಾಯಿತು. ಶಬ್ದ ಟಿವಿಗೆ ಜೋಡಿಸುವ ತಂತಿಯ ಕಡೆ ಹೋಗುತ್ತಿರಬಹುದು, ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರನ್ನೇ ಆರಿಸಿ ಎಂದ. ಅಲ್ಲಿ ಮೊದಲಿನಿಂದಲೂ ಸ್ಪೀಕರೇ ಇತ್ತು. ಆದರೂ ಒಮ್ಮೆ ಬದಲಿಸಿ, ಮತ್ತೆ ಇದ್ದಲ್ಲಿಗೇ ತಂದರು. ಪೈಪ್‌ವೈರ್ ಎಂಬುದೊಂದು ಒಳಗೆ ಶಬ್ದ ಸಾಗಿಸುತ್ತದಂತೆ, ಅದನ್ನೂ ನಿಲ್ಲಿಸಿ ಎಬ್ಬಿಸಿದರು. ಹದಿನಾಲ್ಕು ಅಧ್ಯಾಯಗಳೂ ತಮ್ಮ ಹಟ ಬಿಡಲಿಲ್ಲ. ಎರಡೂ ಐವತ್ತಕ್ಕೆ ಭಾವಮೈದುನ ಇಡೀ ವ್ಯವಸ್ಥೆಯ ಅಪ್‌ಡೇಟ್ ಹಾಕಿಸಿದ. ಆಮೆಯ ಮೇಲೆ ಆಮೆ ಕೂತಂತೆ ಶೇಕಡಾವಾರು ಏರತೊಡಗಿತು.

ಮೂರೂ ಇಪ್ಪತ್ತಕ್ಕೆ ಗ್ರಂಥಾಲಯದ ಮುಖ್ಯಸ್ಥೆ ಬಾಗಿಲಲ್ಲಿ ನಿಂತರು. “ನಿಮ್ಮ ಆರ್ಡರ್ ಅವರ ಬ್ಯಾಗಲ್ಲಿದೆ. ಅದು ಬ್ಯಾಗಲ್ಲೇ ವಾಪಸ್ ಹೋಗೋ ಹಾಗೆ ಮಾಡ್ಕೋಬೇಡಿ,” ಎಂದಷ್ಟೇ ಹೇಳಿ ಹೋದರು.

ನಿರ್ದೇಶಕರು ನಾಲ್ಕಕ್ಕೆ ಎರಡು ನಿಮಿಷ ಮೊದಲೇ ಬಂದರು. ಗ್ರಂಥಾಲಯದ ಅರವತ್ತೆರಡು ಮಂದಿ ಸದಸ್ಯರಲ್ಲಿ ಒಬ್ಬರನ್ನು ಜೊತೆಗೆ ಕರೆತಂದಿದ್ದರು. ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್, ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು, ಮಾತು ಕಡಿಮೆ. ಟೀಚರಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಮೂಲೆಯಲ್ಲಿ ಕೂತಿದ್ದರು. ಟೈಪಿಸ್ಟ್ ಅಕ್ಕನೂ ರಿಪೇರಿಯವರೂ ಲ್ಯಾಪ್‌ಟಾಪಿನ ಎರಡು ಪಕ್ಕ ಹೆರಿಗೆ ಕೋಣೆಯ ನೆಂಟರಂತೆ ನಿಂತಿದ್ದರು.

ಅಪ್‌ಡೇಟ್ ಮುಗಿದಿತ್ತು. ಫೋನಿನಲ್ಲಿ ಭಾವಮೈದುನ, ಸೆಟ್ಟಿಂಗ್ಸ್‌ನಲ್ಲಿ ಟೆಸ್ಟ್ ಅಂತ ಒಂದು ಗುಂಡಿ ಇದೆ, ಅದನ್ನು ಒತ್ತಿ ನೋಡಿ ಎಂದ. ಕಿವಿಯಣ್ಣ ಒತ್ತಿದ.

“ಫ್ರಂಟ್ ಲೆಫ್ಟ್,” ಎಂದಿತು ಲ್ಯಾಪ್‌ಟಾಪು, ಹೆಣ್ಣುದನಿಯಲ್ಲಿ, ಗೋಡೆ ಅದುರುವಷ್ಟು ಗಟ್ಟಿಯಾಗಿ. “ಫ್ರಂಟ್ ರೈಟ್.”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿವಿಯಣ್ಣನ ಕಣ್ಣಲ್ಲಿ ನೀರೇ ಬಂತು. ನಿರ್ದೇಶಕರು ಬ್ಯಾಗಿನಿಂದ ಲಕೋಟೆಯನ್ನು ಅರ್ಧ ಹೊರಗೆಳೆದು, ಎಲ್ಲಿ, ಅಧ್ಯಾಯ ಕೇಳಿಸಿ ಎಂದರು. ಕಿವಿಯಣ್ಣ ಒಂದನೆಯದನ್ನು ಹಾಕಿದ. ಸೆಕೆಂಡುಗಳು ಓಡಿದವು. ಶಬ್ದವಿಲ್ಲ. ಟೆಸ್ಟ್ ಒತ್ತಿದ, ಹೆಣ್ಣುದನಿ ಮಾತಾಡಿತು. ಐದನೇ ಅಧ್ಯಾಯ ಹಾಕಿದ, ಮೌನ. ಹೀಗೆ ಮೂರು ಸಲ ಆದ ಮೇಲೆ ರಿಪೇರಿಯವರು ಕನ್ನಡಕ ತೆಗೆದು ಒರೆಸುತ್ತ, “ಮೆಷಿನ್ ಬೆಳಿಗ್ಗೆಯಿಂದಲೂ ಚೆನ್ನಾಗೇ ಇದೆ. ಫೈಲಲ್ಲೇ ಏನಿಲ್ಲ,” ಎಂದರು.

ಟೀಚರಮ್ಮ ಎದ್ದು ಒಳಕೋಣೆಗೆ ಹೋದರು. ಉಳಿದವರು ಹಿಂದೆಯೇ ಹೋದರು. ಟೀಚರಮ್ಮ ಮೈಕಿನ ಕತ್ತಿನ ಮೇಲಿದ್ದ ಚಿಕ್ಕ ಗುಂಡಿಯನ್ನು ಒತ್ತಿದರು. ಕೆಂಪು ದೀಪ ಹೊತ್ತಿತು. “ಇದು ಉರೀತಿದ್ರೆ ರೆಕಾರ್ಡ್ ಆಗ್ತಿದೆ ಅಂತ ನಾನು ಓದ್ತಿದ್ದೆ,” ಎಂದರು. ಅದು ಉರಿದರೆ ಮೈಕು ಮುಚ್ಚಿದೆ ಎಂದರ್ಥ. ಯಾರೂ ಹೇಳಬೇಕಾಗಲಿಲ್ಲ, ಅವರಿಗೇ ಹೊಳೆಯಿತು. ಹದಿನಾಲ್ಕು ವಾರ ಆ ತಾಯಿ ಬಾಗಿಲು ಮುಚ್ಚಿಕೊಂಡು ಗೋಡೆಗೆ ಓದಿ ಹೇಳಿದ್ದರು.

ನಿರ್ದೇಶಕರು ರಿಜಿಸ್ಟರ್ ತರಿಸಿದರು. ಹದಿನಾಲ್ಕು ಸಹಿಗಳು, ಒಂದಕ್ಕಿಂತ ಒಂದು ಅಂದ. ಅವರು ಪುಟ ಮುಚ್ಚುವ ಮುಂಚೆ ಆಪರೇಟರ್ ಗಂಟಲು ಸರಿಪಡಿಸಿಕೊಂಡರು.

“ನಾನು ವಾರವಾರ ಫೋನ್ ಮಾಡಿದೆ ಸಾರ್, ಕಾರ್ಡಲ್ಲಿ ಏನೂ ಕೇಳಿಸ್ತಿಲ್ಲ ಅಂತ. ದನಿ ಗುರುತು ಸಿಕ್ತು, ಈ ಸಾಹೇಬ್ರೇ ಎತ್ತಿದ್ರು. ನಿಮ್ಮ ಪ್ಲೇಯರೇ ಕೆಟ್ಟಿದೆ, ಆಫ್ ಮಾಡಿ ಆನ್ ಮಾಡಿ ಅಂದ್ರು. ಮಾಡಿದೆ. ಮೂರು ಪ್ಲೇಯರ್ ಬದಲಾಯಿಸಿದೆ.” ಟೀಚರಮ್ಮನ ದನಿ ಬಂದಿದ್ದ ಕಡೆ ಮುಖ ತಿರುಗಿಸಿ ಮುಂದುವರಿಸಿದರು, “ಆದ್ರೂ ಹದಿನಾಲ್ಕೂ ಪೂರ್ತಿ ಕೇಳಿದೀನಿ. ಎಲ್ಲಾದ್ರೂ ಒಂದು ಮಾತು ಬರಬಹುದೇನೋ ಅಂತ.”

ನಿರ್ದೇಶಕರು ಲಕೋಟೆಯನ್ನು ಮತ್ತೆ ಬ್ಯಾಗಿನೊಳಗೆ ತಳ್ಳಿದರು. ಅನಂತರ, ಈ ಸಂಸ್ಥೆಯಲ್ಲಿ ಹದಿನಾಲ್ಕು ಅಧ್ಯಾಯಗಳನ್ನು ಕೇಳಿದವರು ಒಬ್ಬರೇ ಇದ್ದಾರೆ, ಕೇಳುವ ಹುದ್ದೆ ಅವರಿಗೇ ಸಲ್ಲಬೇಕು ಎಂದರು. ಆಸ್ಪತ್ರೆ ಬಿಟ್ಟು ಬರುತ್ತೀರಾ ಎಂದು ಆಪರೇಟರನ್ನು ಕೇಳಿದರು. ಅವರು ಯೋಚಿಸಿ, ಪುಸ್ತಕ ಕೇಳಿಸುವುದಾದರೆ ಬರುತ್ತೇನೆ ಎಂದರು. ಹೊಸ ಹೆಸರಿನ ಆದೇಶವನ್ನು ಟೈಪಿಸ್ಟ್ ಅಕ್ಕ ಐದು ನಿಮಿಷದಲ್ಲಿ ಒಂದೂ ತಪ್ಪಿಲ್ಲದೆ ಹೊಡೆದುಕೊಟ್ಟಳು. ಕಿವಿಯಣ್ಣನನ್ನು ಕೆಲಸದಿಂದ ತೆಗೆಯಲಿಲ್ಲ. ಹಂಗಾಮಿಯಾಗಿ ಏಳನೇ ವರ್ಷಕ್ಕೆ ಮುಂದುವರಿಸಿದರು.

ಟೀಚರಮ್ಮನನ್ನು ಮತ್ತೆ ಓದಿಕೊಡಿ ಎಂದು ಕೇಳಿದರೆ, ಅವರು ಕೈಚೀಲ ಎತ್ತಿಕೊಂಡು, ತಮ್ಮ ಓದು ಮುಗಿಯಿತು ಎಂದು ಮೆಟ್ಟಿಲಿಳಿದು ಹೋದರು. ಆದರೆ ಅರವತ್ತೆರಡು ಮನೆಗಳಿಗೆ ಬರುವ ವಾರದಿಂದಲೇ ಮಾತಾಡುವ ಕಾರ್ಡು ಹೋಗಬೇಕಿತ್ತು. ಮುಖ್ಯಸ್ಥೆ ಸುತ್ತಲೂ ಒಮ್ಮೆ ನೋಡಿದರು. ಕೈ ಖಾಲಿಯಿದ್ದವನು ಒಬ್ಬನೇ.

ಐದು ಗಂಟೆಗೆ ಕಿವಿಯಣ್ಣ ಒಳಕೋಣೆಯಲ್ಲಿ ಮೈಕಿನ ಮುಂದೆ ಕೂತಿದ್ದ. ಮೈಕಿನ ಕೆಂಪು ದೀಪ ಆರಿತ್ತು. ಹೊರಗೆ ಅದೇ ಲ್ಯಾಪ್‌ಟಾಪಿನ ಮುಂದೆ ಆಪರೇಟರ್ ಹೆಡ್‌ಫೋನ್ ಹಾಕಿಕೊಂಡು, ತಲೆ ಬಾಗಿಸಿ, ಕಿವಿಗೊಟ್ಟು ಕೂತಿದ್ದರು. ಇವನು ಒಂದು ಪುಟ ಓದಿ ನಿಲ್ಲಿಸಿದ.

“ಚೆನ್ನಾಗಿ ಕೇಳಿಸ್ತಿದೆ ಸಾರ್,” ಎಂದರು ಆಪರೇಟರ್ ಬಹಳ ವಿನಯದಿಂದ. “ಅದಕ್ಕೇ ಗೊತ್ತಾಯ್ತು, ನಡುವೆ ಅರ್ಥ ಕೂಡ್ತಿಲ್ಲ, ಒಂದು ಸಾಲು ಬಿಟ್ಟಿದ್ದೀರಿ. ಮೊದಲಿಂದ ಓದಿಬಿಡಿ.”

ಅದು ಒಂದನೇ ಪುಟ. ಓದುತ್ತಿದ್ದದ್ದು ಏಳನೇ ಸಲ.