ಮಂಡಕ್ಕಿ ಎಂಬ ಸಭಿಕ

ಸದ್ದಿನ ವಿರುದ್ಧ ಹೋರಾಡುವವನಿಗೆ ಒಂದು ಶಾಪವಿದೆ: ಅವನು ಸದ್ದು ಮಾಡದೆ ಹೋರಾಡಲಾರ. ಶಿವಮೊಗ್ಗದ ಕೋಟೆಯ ಬಳಿಯ ನಮ್ಮ ಬೀದಿಯನ್ನು ಶಾಂತವಾಗಿಸಬೇಕೆಂದು ನಾನು ಎಷ್ಟು ಭಾಷಣಗಳನ್ನು ಮಾಡಿದೆನೆಂದರೆ, ಕೊನೆಗೆ ಬೀದಿಯಲ್ಲಿ ಉಳಿದ ಏಕೈಕ ಗದ್ದಲ ನನ್ನದೇ ಎಂದು ನನ್ನ ಹೆಂಡತಿ ಸರ್ವಮಂಗಳ ಹೇಳುವಂತಾಯಿತು. ಆದರೆ ಸುಧಾರಣೆ ನಿಷ್ಫಲವಾಗಲಿಲ್ಲ. ಗಣಪತಿ ಕೂರಿಸುವ ಹುಡುಗರು ಧ್ವನಿವರ್ಧಕದ ಮುಖವನ್ನು ನಮ್ಮ ಬೀದಿಯಿಂದ ಪಕ್ಕದ ಬೀದಿಗೆ ತಿರುಗಿಸಿದರು. ಪಕ್ಕದ ಬೀದಿಯವರು ನನ್ನೊಡನೆ ಮಾತು ಬಿಟ್ಟರು. ಅದಕ್ಕಿಂತ ದೊಡ್ಡ ವಿಜಯವೆಂದರೆ ಪಕ್ಕದ ಮನೆಯ ಇಲಿಯಾಸ್ ಭಾಯಿಯನ್ನು ಗೆದ್ದದ್ದು. ಅವರು ಸ್ಕೂಟರ್ ಮೆಕ್ಯಾನಿಕ್. ರಿಪೇರಿಯಾದ ಪ್ರತಿಯೊಂದು ಗಾಡಿಯ ಹಾರ್ನನ್ನೂ ಮನೆಯ ಮುಂದೆಯೇ ಒತ್ತಿ ನೋಡುವ ಅಭ್ಯಾಸವಿತ್ತು. ನನ್ನ ಒಂದೇ ಉಪನ್ಯಾಸಕ್ಕೆ ಮನಸೋತು, ಅಂದಿನಿಂದ ಗಾಡಿಗಳನ್ನು ಹೊಳೆಯ ದಂಡೆಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಹಾರ್ನ್ ಒತ್ತಿ, ಮರಳಿ ತರತೊಡಗಿದರು. ಇಂಥ ಮಹಾನುಭಾವರ ಪಕ್ಕದ ಮನೆಯಲ್ಲಿ ನಾಯಿ ಬೊಗಳಬಾರದು. ನಮ್ಮದು ಬೊಗಳುತ್ತಿತ್ತು.

ಅದರ ಹೆಸರು ಮಂಡಕ್ಕಿ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿರುವ ನನ್ನ ಅತ್ತೆಯವರ ಮನೆಯಿಂದ, ಮಂಡಕ್ಕಿಯ ಖಾಲಿ ಚೀಲದಲ್ಲಿ ಕುಳಿತು, ತಲೆಯನ್ನಷ್ಟೇ ಹೊರಗಿಟ್ಟುಕೊಂಡು ಬಸ್ಸಿನಲ್ಲಿ ಬಂದ ಮರಿ. ಅದು ಕಳ್ಳನನ್ನು ಕಂಡು ಬೊಗಳುವ ಸ್ವಭಾವದ್ದಲ್ಲ. ಗ್ಯಾಸ್ ಸಿಲಿಂಡರ್ ಹೊತ್ತ ಅಪರಿಚಿತರು ಒಳನುಗ್ಗಿದರೆ ಬಾಲವಾಡಿಸುತ್ತ ಅಡುಗೆಮನೆಯ ದಾರಿ ತೋರಿಸುತ್ತಿತ್ತು. ಅದರ ಸದ್ದಿಗೆ ಬೇರೆಯೇ ಗುರಿ. ಸಂಜೆ ನಾವಿಬ್ಬರೂ ಕಾಫಿ ಹಿಡಿದು ಕುಳಿತು, ನಾನು ಪತ್ರಿಕೆಯನ್ನೂ ಸರ್ವಮಂಗಳ ಮೊಬೈಲನ್ನೂ ತೆರೆದೊಡನೆ ಅದು ಮೂಗಿನಿಂದ ಸಣ್ಣಗೆ ‘ಊಂ’ ಎನ್ನುತ್ತಿತ್ತು, ಮದುವೆಮನೆಯಲ್ಲಿ ಮೈಕ್ ಪರೀಕ್ಷಿಸುವವರ ಹಾಗೆ. ಯಾರೂ ತಿರುಗದಿದ್ದರೆ ಕತ್ತೆತ್ತಿ ಒಂದು ದೀರ್ಘ ಆಲಾಪ. ಅದೂ ಫಲಿಸದಿದ್ದರೆ ಗೋಡೆಯ ಸುಣ್ಣ ಉದುರುವಂಥ ಬೊಗಳು. ಹೊಟ್ಟೆ ತುಂಬಿರುತ್ತಿತ್ತು, ಬಟ್ಟಲಲ್ಲಿ ನೀರಿರುತ್ತಿತ್ತು, ವಾಕಿಂಗ್ ಮುಗಿದಿರುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ಇಷ್ಟೇ: ನಾವು ಅದನ್ನು ನೋಡಬೇಕು.

ಇಲ್ಲಿ ನಮ್ಮ ದಾಂಪತ್ಯದ ಒಂದು ಪದ್ಧತಿಯನ್ನು ಓದುಗರಿಗೆ ತಿಳಿಸಲೇಬೇಕು. ನಾನೂ ಸರ್ವಮಂಗಳಳೂ ಮೊದಲು ಭೇಟಿಯಾದದ್ದು ಭದ್ರಾವತಿಯಲ್ಲಿ ನಡೆದ ಒಂದು ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ. ವಿಷಯ: ‘ಮಾತಿಗಿಂತ ಮೌನವೇ ಮೇಲು’. ನಾನು ಪರ, ಅವಳು ವಿರೋಧ. ಮೌನದ ಹಿರಿಮೆಯನ್ನು ಕುರಿತು ನಾನು ಅಂತಿಮ ಗಂಟೆಯಾದ ಮೇಲೂ ಮಾತನಾಡುತ್ತಲೇ ಇದ್ದೆ. ಅವಳು ಎದ್ದು ನಿಂತು, “ನನ್ನ ಗೆಳೆಯರು ನನ್ನ ವಾದವನ್ನು ಆಗಲೇ ಮಂಡಿಸಿಬಿಟ್ಟಿದ್ದಾರೆ” ಎಂದು ನನ್ನ ಕಡೆ ಕೈತೋರಿಸಿದಳು. ಸಭಾಂಗಣ ನಕ್ಕಿತು, ಬಹುಮಾನ ಅವಳದಾಯಿತು, ಮುಂದೆ ನಾನೂ ಅವಳವನಾದೆ. ಮದುವೆಯ ದಿನವೇ ಒಂದು ನಿರ್ಣಯ ಅಂಗೀಕರಿಸಿದೆವು: ನಮ್ಮ ಮನೆಯಲ್ಲಿ ಜಗಳವಿರುವುದಿಲ್ಲ, ಚರ್ಚೆ ಮಾತ್ರ. ಒಬ್ಬರು ನಿಂತು ಮಂಡಿಸಬೇಕು, ಇನ್ನೊಬ್ಬರು ಕುಳಿತು ಆಲಿಸಬೇಕು, ಅವಧಿ ಮೀರಿದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ‘ಟಿಣ್’ ಎಂದು ಬಾರಿಸಬೇಕು. ತೀರ್ಮಾನವಾಗುವವರೆಗೆ ವಿಷಯವನ್ನು ಕೈಬಿಡುವಂತಿಲ್ಲ. ಇಡ್ಲಿಗೆ ಸಾಂಬಾರೋ ಚಟ್ನಿಯೋ ಎಂಬುದರಿಂದ ಹಿಡಿದು ಸೋಫಾದ ಬಣ್ಣದವರೆಗೆ ಎಲ್ಲವೂ ಹೀಗೆಯೇ ಇತ್ಯರ್ಥವಾಗುತ್ತ ಬಂದಿವೆ. ಒಂದೇ ಕೊರತೆಯೆಂದರೆ ಸಭಿಕರಿಲ್ಲದ್ದು. ಎದುರಿಗೊಂದು ಮುಖವಿಲ್ಲದೆ ಒಳ್ಳೆಯ ವಾಗ್ಮಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಮಂಡಕ್ಕಿ ಬಂದ ಮೇಲೆ ಆ ಕೊರತೆಯೂ ನೀಗಿತು. ಇಬ್ಬರ ನಡುವಿನ ಚಾಪೆಯೇ ಅದರ ಖಾಯಂ ಆಸನವಾಯಿತು.

ಹೀಗಿರುವಾಗ ಒಂದು ಸಂಜೆ ಇಲಿಯಾಸ್ ಭಾಯಿ ಗೇಟಿನ ಹೊರಗೇ ನಿಂತು ಕೈ ಒರೆಸಿಕೊಳ್ಳುತ್ತ ಹೇಳಿದರು: “ಸಾರ್, ಬೇಜಾರ್ ಮಾಡ್ಕೋಬೇಡಿ. ಮುಂದಿನ ವಾರ ಮಗಳು ಕೂಸು ಎತ್ಕೊಂಡು ಬರ್ತಾಳೆ. ಕೂಸು ಮಲಗೋದೇ ಸಂಜೆ ಹೊತ್ತು ಅಂತೆ. ನಿಮ್ಮ ಮಂಡಕ್ಕಿಗೆ ಸ್ವಲ್ಪ ಹೇಳ್ತೀರಾ? ನೀವು ಹೇಳಿದ್ರೆ ಯಾರಾದ್ರೂ ಕೇಳ್ತಾರೆ. ನಾನೇ ಕೇಳ್ಲಿಲ್ವಾ?”

ಅವರ ಮಾತಿನಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅದಕ್ಕೆ ಉತ್ತರ ಕೊಡಬಹುದಿತ್ತು. ಅವರ ಹಿಂದೆ, ಹೊಳೆಗೆ ತಳ್ಳಿಕೊಂಡು ಹೋಗಬೇಕಾದ ಸ್ಕೂಟರುಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಒಳಗೆ ಬಂದು ಸರ್ವಮಂಗಳಳಿಗೆ ಹೇಳಿದೆ: ವಾರದೊಳಗೆ ಮಂಡಕ್ಕಿ ಸುಮ್ಮನಾಗಬೇಕು, ಇಲ್ಲವಾದರೆ ಬಂದ ಚೀಲದ ದಾರಿಯಲ್ಲೇ ಭದ್ರಾವತಿಗೆ, ಶಾಶ್ವತವಾಗಿ. ಅವಳು ಮಂಡಕ್ಕಿಯ ಕಿವಿ ಮುಚ್ಚಿದಳು.

ಸಹಜವಾಗಿಯೇ ವಿಷಯ ಚರ್ಚೆಗೆ ಬಂತು. ನನ್ನ ಮಂಡನೆ ಸ್ಪಷ್ಟವಿತ್ತು: ಗಮನಕ್ಕಾಗಿ ಮಾಡುವ ಸದ್ದಿಗೆ ಗಮನ ಕೊಡಬಾರದು. ಕೂಗಿದವನಿಗೆ ಸಿಗುತ್ತದೆ, ಸುಮ್ಮನಿದ್ದವನಿಗಿಲ್ಲ ಎಂಬ ನೀತಿಯಿಂದಲೇ ನಮ್ಮ ಸಾರ್ವಜನಿಕ ಜೀವನ ಕೆಟ್ಟಿದೆ; ಅದು ನಮ್ಮ ಚಾಪೆಯ ಮೇಲಾದರೂ ಕೊನೆಗೊಳ್ಳಲಿ. “ಸಕ್ರೆಬೈಲಿನ ಬಿಡಾರದ ಆನೆಗಳನ್ನು ನೋಡು. ಅಷ್ಟು ದೊಡ್ಡ ದೇಹ, ಎಷ್ಟು ಗಂಭೀರ ಮೌನ!” ಎಂದೆ.

ಸರ್ವಮಂಗಳ ಎದ್ದಳು. “ಆನೆಗೆ ಕೇಳೋದಕ್ಕೆ ಮುಂಚೆನೇ ಹುಲ್ಲಲ್ಲಿ ಸುತ್ತಿ ಬೆಲ್ಲದ ಉಂಡೆ ಬಾಯಿಗೆ ಇಡ್ತಾರೆ ಮಾರಾಯ್ರೆ. ನೀವು ನಾಯಿಗೆ ಕೊಡೋದು ಪೇಪರಿನ ಹಿಂಭಾಗ. ಕರೆದವರಿಗೆ ಓಗೊಡಬಾರದು ಅನ್ನೋದು ಯಾವ ಊರಿನ ಸುಧಾರಣೆ? ಸ್ನಾನದ ಮನೆಯಿಂದ ‘ಟವೆಲ್, ಟವೆಲ್’ ಅಂತ ಕೂಗ್ತೀರಲ್ಲ, ನಾಳೆಯಿಂದ ಅದಕ್ಕೂ ಗಮನ ಕೊಡೋದು ಬೇಡ್ವಾ?”

“ಟವೆಲ್ ಅಗತ್ಯ. ಅದು ಗಮನಕ್ಕಾಗಿ ಮಾಡುವ ಸದ್ದಲ್ಲ.”

“ಮಂಡಕ್ಕಿಗೂ ಇದು ಅಗತ್ಯವೇ. ಸುಮ್ಮನೆ ತಲೆ ಮೇಲೆ ಕೈಯಿಟ್ಟು ‘ಏನೋ ಕಂದ’ ಅಂದ್ರೆ ನಿಮ್ಮ ಆಸ್ತಿ ಹೋಗುತ್ತಾ?”

ಟಿಣ್. ಅಂದು ತೀರ್ಮಾನವಾಗಲಿಲ್ಲ. ಮರುದಿನ ‘ಊಂ’ ಎಂದೊಡನೆ ಚರ್ಚೆ ಮುಂದುವರಿಯಿತು. ನಾನು ಪತ್ರಿಕೆ ಮಡಚಿಟ್ಟೆ, ಅವಳು ಮೊಬೈಲ್ ಬದಿಗಿಟ್ಟಳು, ಲೋಟ ಚಮಚ ಬಂದವು. ಅದರ ಮರುದಿನವೂ ಹಾಗೆಯೇ. ವಿಚಿತ್ರವೆಂದರೆ ಚರ್ಚೆ ನಡೆಯುವಷ್ಟು ಹೊತ್ತೂ ಮಂಡಕ್ಕಿ ಬಾಯಿ ಬಿಡುತ್ತಿರಲಿಲ್ಲ. ಕಿವಿ ನಿಮಿರಿಸಿ, ನಾನು ಮಾತನಾಡುವಾಗ ನನ್ನನ್ನೂ ಅವಳು ಮಾತನಾಡುವಾಗ ಅವಳನ್ನೂ ನೋಡುತ್ತ, ‘ಟಿಣ್’ ಎಂದಾಗ ಬಾಲದಿಂದ ಚಾಪೆಯನ್ನು ಬಡಿಯುತ್ತಿತ್ತು. ಇಷ್ಟು ತನ್ಮಯ ಸಭಿಕ ನನಗೆ ಯಾವ ವೇದಿಕೆಯಲ್ಲೂ ದೊರೆತಿಲ್ಲ. ನನ್ನ ವಾದದ ಬಲಕ್ಕೆ ಅದು ಮೌನವಾಗಿದೆಯೆಂದು ನಾನು ಭಾವಿಸಿದೆ. ಸರ್ವಮಂಗಳಳೂ ಹಾಗೆಯೇ ಭಾವಿಸಿದಳು, ಅವಳ ವಾದದ ಬಗ್ಗೆ. ಆದರೆ ಚರ್ಚೆ ಮುಗಿದು ನಾವು ಕುಳಿತದ್ದೇ ತಡ, ಬೊಗಳು ಮೊದಲಿಗಿಂತ ಜೋರಾಯಿತು.

ವಾರ ಮುಗಿಯುತ್ತ ಬಂತು. ಕೊನೆಗೆ ಇಲಿಯಾಸ್ ಭಾಯಿಯವರ ಹಳೆಯ ವ್ಯಾನನ್ನೇ ಬೇಡಿ ತೆಗೆದುಕೊಂಡು ಮಂಡಕ್ಕಿಯನ್ನು ಓಲ್ಡ್ ಟೌನ್‌ಗೆ ಸಾಗಿಸಿದೆವು. “ಅಯ್ಯೋ, ಓಡಿಸಿ ಅಂತ ನಾನು ಹೇಳ್ಲಿಲ್ಲ ಸಾರ್!” ಎಂದು ಅವರು ದಾರಿಯಲ್ಲಿ ಎರಡು ಸಲ ಫೋನ್ ಮಾಡಿದರು. ಅತ್ತೆಯವರ ಅಂಗಳದಲ್ಲಿ ಇಳಿಸಿ ಹೊರಟಾಗ ಮಂಡಕ್ಕಿ ಬೊಗಳಲಿಲ್ಲ; ಸುಮ್ಮನೆ ನಮ್ಮನ್ನು ನೋಡಿತು. ಅದಕ್ಕಿಂತ ಒಂದು ಬೊಗಳು ಎಷ್ಟೋ ಮೇಲಿತ್ತು.

ಶಿವಮೊಗ್ಗದ ನಮ್ಮ ಮನೆಯಲ್ಲಿ ನಾನು ಜೀವಮಾನವಿಡೀ ಬಯಸಿದ ಶಾಂತಿ ನೆಲೆಸಿತು. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ; ತಲೆಗೆ ಒಂದಕ್ಷರ ಹೋಗಲಿಲ್ಲ. ಗೋಡೆಗಡಿಯಾರದ ಸದ್ದು ಕೇಳಿ, ಇದು ಯಾವಾಗ ಕೊಂಡದ್ದೆಂದು ಸರ್ವಮಂಗಳಳನ್ನು ಕೇಳಿದೆ. “ನಮ್ಮ ಮದುವೇಲಿ ಬಂದದ್ದು. ಇವತ್ತು ಕೇಳಿಸ್ತಾ?” ಎಂದಳು. ಭಾನುವಾರ ಬರುವಷ್ಟರಲ್ಲಿ ಇಬ್ಬರಿಗೂ ಅತ್ತೆಯವರ ಆರೋಗ್ಯದ ಬಗ್ಗೆ ಅತಿಯಾದ ಕಳವಳವುಂಟಾಗಿ ಭದ್ರಾವತಿಯ ಬಸ್ಸು ಹತ್ತಿದೆವು.

ಅತ್ತೆ ಗಟ್ಟಿಮುಟ್ಟಾಗಿದ್ದರು. ಮಂಡಕ್ಕಿ ನಮ್ಮ ಮೈಮೇಲೆಲ್ಲ ಹತ್ತಿ, ಮುಖ ನೆಕ್ಕಿ, ಆಮೇಲೆ ಸಮಾಧಾನವಾಗಿ ಹಿತ್ತಲಿಗೆ ಹೋಗಿ ಮಲಗಿತು. “ಇದಾ ಗಲಾಟೆ ಮಾಡೋ ನಾಯಿ? ಬಂದಾಗಿಂದ ಒಂದು ಸಲ ಬಾಯಿ ಬಿಟ್ಟಿಲ್ಲ” ಎಂದರು ಅತ್ತೆ. ಅತ್ತೆಯವರಿಗೆ ಕಿವಿ ತುಸು ಮಂದ. ನನ್ನ ಮುಖ ಅರಳಿತು. “ನೋಡಿದೆಯಾ? ಇಲ್ಲಿ ಅದರ ಸದ್ದಿಗೆ ಗಮನವೇ ಸಿಗುವುದಿಲ್ಲ. ಬಿಟ್ಟುಬಿಟ್ಟಿದೆ!”

“ಸುಮ್ನಿರಿ. ಅಮ್ಮ ಕೊತ್ತಂಬರಿ ಸೋಸುವಾಗಲೂ ಅದರ ಜೊತೆ ಮಾತಾಡ್ತಾಳೆ. ಗಮನ ತುಂಬಿ ತುಳುಕ್ತಿದೆ, ಅದಕ್ಕೇ ಬೊಗಳ್ತಿಲ್ಲ!”

“ಮಾನ್ಯ ಪ್ರತಿವಾದಿಗಳು ಸಾಕ್ಷ್ಯವನ್ನು ತಿರುಚುತ್ತಿದ್ದಾರೆ” ಎಂದು ನಾನು ಎದ್ದು ನಿಂತೆ. ಅವಳು ಕೈಗೆ ಸಿಕ್ಕ ಲೋಟಕ್ಕೆ ಚಮಚದಿಂದ ಬಾರಿಸಿದಳು. ಟಿಣ್!

ಹಿತ್ತಲ ಬಾಗಿಲು ದಡಾರನೆ ತೆರೆದುಕೊಂಡಿತು. ಮಂಡಕ್ಕಿ ಬಿರುಗಾಳಿಯಂತೆ ಬಂದು ನಮ್ಮಿಬ್ಬರ ನಡುವೆ ನೆಟ್ಟಗೆ ಕುಳಿತು, ಬಾಲ ಬಡಿದು, ನನ್ನ ಮುಖವನ್ನು ನೋಡಿತು. ನಾನು ಬೆರಗಾಗಿ ಬಾಯಿ ಮುಚ್ಚಿದೆ. ಒಂದು ಕ್ಷಣ ಕಾದು, ಅದು ‘ಊಂ’ ಎಂದಿತು. ಆಮೇಲೆ ಆಲಾಪ. ಆಮೇಲೆ ಅತ್ತೆಯವರಿಗೂ ಕೇಳಿಸುವಂಥ ಬೊಗಳು.

“ಓಹೋ!” ಎಂದು ಅತ್ತೆ ಸೊಂಟದ ಮೇಲೆ ಕೈಯಿಟ್ಟರು. “ಇಷ್ಟು ದಿನ ಸುಮ್ಮನಿದ್ದದ್ದು ನೀವಿಬ್ರು ಲೋಟ ಬಾರಿಸಿದ ಕೂಡ್ಲೆ ಶುರು ಮಾಡ್ತಲ್ಲ ಮಾರಾಯ್ತಿ! ಅದು ಅನ್ನಕ್ಕೆ ಕರೀತಿಲ್ಲ, ನಿಮ್ಮ ನಾಟಕಕ್ಕೆ ಕರೀತಿದೆ. ನಿಲ್ಲಿಸಿದ್ದು ಯಾಕೆ, ಮುಂದಿನ ಅಂಕ ಆಡಿ!”

ನಾನೂ ಸರ್ವಮಂಗಳಳೂ ಪರಸ್ಪರ ನೋಡಿದೆವು. ನಮ್ಮ ದಾಂಪತ್ಯದಲ್ಲಿ ಮೊತ್ತಮೊದಲ ಬಾರಿಗೆ ಇಬ್ಬರೂ ಒಂದೇ ಪಕ್ಷದಲ್ಲಿದ್ದೆವು, ಸೋತ ಪಕ್ಷದಲ್ಲಿ. ಪ್ರತಿ ಸಂಜೆ ಅದು ‘ಊಂ’ ಎಂದಿತ್ತು. ನಾವು ಪತ್ರಿಕೆ ಮೊಬೈಲುಗಳನ್ನು ತೊರೆದು, ಅದರ ಎದುರಿಗೇ ನಿಂತು, ಕೈಬೀಸಿ, ಅದರ ಹೆಸರನ್ನೇ ಮತ್ತೆ ಮತ್ತೆ ಉಚ್ಚರಿಸುತ್ತ, ಅದಕ್ಕೆ ಗಮನ ಕೊಡಬೇಕೇ ಬೇಡವೇ ಎಂದು ಒಂದಿಷ್ಟೂ ಬಿಡುವಿಲ್ಲದ ಗಮನ ಕೊಟ್ಟಿದ್ದೆವು. ಲೋಕದ ಯಾವ ನಾಯಿಗೂ ಇಬ್ಬರು ಪಳಗಿದ ವಾಗ್ಮಿಗಳು ದಿನವೂ ಹೀಗೆ ಸೇವೆ ಸಲ್ಲಿಸಿರಲಾರರು. ಸರ್ವಮಂಗಳ ನಗತೊಡಗಿದಳು, ನಾನೂ ನಕ್ಕೆ, ಅತ್ತೆ ಕಾರಣ ಸರಿಯಾಗಿ ಕೇಳಿಸದೆಯೇ ನಮಗಿಂತ ಹೆಚ್ಚು ನಕ್ಕರು.

ಮಂಡಕ್ಕಿ ನಮ್ಮೊಂದಿಗೇ ಶಿವಮೊಗ್ಗಕ್ಕೆ ಮರಳಿತು. ಒಂದೇ ನಿಬಂಧನೆ: ಮನೆಯಲ್ಲಿ ಚರ್ಚೆ ನಿಷೇಧ. ಮೊದಲ ಸಂಜೆಗಳು ಕಠಿಣವಾಗಿದ್ದವು. ‘ಊಂ’ ಬಂತು, ನಾವು ಹಲ್ಲು ಕಚ್ಚಿ ಕುಳಿತೆವು. ಆಲಾಪ ಬಂತು, ಸರ್ವಮಂಗಳ ಕಣ್ಣು ಮುಚ್ಚಿದಳು. ಬಿಡುವಿನಲ್ಲಿ, ಅದು ತಾನಾಗಿಯೇ ಸುಮ್ಮನಿದ್ದಾಗ, ಅವಳು ಮೆಲ್ಲನೆ ತಲೆ ಸವರುತ್ತಿದ್ದಳು. ಅದು ಅವಳ ವಾದವೋ ನನ್ನ ವಾದವೋ ಎಂದು ನಿರ್ಧರಿಸಲು ಚರ್ಚೆ ಬೇಕಾಗುತ್ತಿತ್ತು, ಚರ್ಚೆ ನಿಷಿದ್ಧವಾಗಿತ್ತು. ದಿನಕಳೆದಂತೆ ಸಭೆ ಸೇರುವುದಿಲ್ಲವೆಂದು ಮಂಡಕ್ಕಿಗೂ ಮನವರಿಕೆಯಾಗಿ, ಚಾಪೆಯ ಮೇಲೆ ಸುರುಳಿ ಸುತ್ತಿ ಮಲಗತೊಡಗಿತು. ಹೇಳಿದ ವಾರಕ್ಕಿಂತ ತಡವಾಗಿ ಪಕ್ಕದ ಮನೆಗೆ ಕೂಸು ಬಂತು. ಅದರ ಗಂಟಲು ಮಂಡಕ್ಕಿಯದನ್ನು ಮೀರಿಸುವಂಥದು. “ಸಾರ್, ಇದಕ್ಕೂ ಸ್ವಲ್ಪ ಹೇಳ್ತೀರಾ?” ಎಂದು ಇಲಿಯಾಸ್ ಭಾಯಿ ನಗುತ್ತ ಕೂಸನ್ನು ನನ್ನ ಕೈಗಿತ್ತರು. ಹಾರ್ನ್ ಬೇಕಿದ್ದರೆ ಇಲ್ಲಿಯೇ ಒತ್ತಬಹುದೆಂದು ನಾನು ಹೇಳಿಬಿಟ್ಟೆ. “ಬೇಡ ಸಾರ್, ಹೊಳೆ ಹತ್ರ ಗಾಳಿ ಚೆನ್ನಾಗಿದೆ” ಎಂದರು.

ಎಲ್ಲರೂ ಸುಧಾರಿಸಿದರು. ಉಳಿದವನು ನಾನು. ನಿನ್ನೆ ಸಂಜೆ ಕೂಸು ಮಲಗಿತ್ತು, ಮಂಡಕ್ಕಿ ಮಲಗಿತ್ತು, ಸರ್ವಮಂಗಳ ಮೊಬೈಲಿನಲ್ಲಿ ಮುಳುಗಿದ್ದಳು. ಇಡ್ಲಿಗೆ ಚಟ್ನಿಯೇ ಶ್ರೇಷ್ಠವೆಂಬುದಕ್ಕೆ ಒಂದು ಅಪೂರ್ವವಾದ ವಾದ ನನಗೆ ಹೊಳೆಯಿತು. ಗಂಟಲು ಸರಿಪಡಿಸಿಕೊಂಡೆ. ಅವಳು ತಲೆಯೆತ್ತಲಿಲ್ಲ. ಪತ್ರಿಕೆಯನ್ನು ಪಟಪಟನೆ ಮಡಚಿದೆ. ಇಲ್ಲ. ಕೊನೆಗೆ, ಮನುಷ್ಯನ ಮರ್ಯಾದೆ ಅನುಮತಿಸುವಷ್ಟು ದೀರ್ಘವಾಗಿ, “ಹ್ಞೂಂ...” ಎಂದು ನಿಟ್ಟುಸಿರಿಟ್ಟೆ.

“ಗಮನಕ್ಕಾಗಿ ಮಾಡುವ ಸದ್ದಿಗೆ ಗಮನ ಕೊಡಬಾರದು” ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ಚಾಪೆಯ ಮೇಲೆ ಏನೋ ಅಲುಗಿತು. ಮಂಡಕ್ಕಿ ಎದ್ದು, ಮೈ ಮುರಿದು, ನಿಧಾನವಾಗಿ ನನ್ನ ಬಳಿಗೆ ಬಂದು ನನ್ನ ಮಂಡಿಯ ಮೇಲೆ ಗದ್ದವನ್ನಿಟ್ಟಿತು. ‘ಏನೋ ಕಂದ’ ಎನ್ನುವ ಹಾಗೆ ನನ್ನ ಮುಖವನ್ನು ನೋಡಿತು. ಸಭಿಕರ ಮತ, ಕರೆದವರಿಗೆ ಓಗೊಡಬೇಕೆಂದ ಸರ್ವಮಂಗಳಳ ವಿರೋಧ ಪಕ್ಷಕ್ಕೆ ಬಿತ್ತು. ಅದೇ ಪ್ರತಿಸ್ಪರ್ಧಿಗೆ ನಾನು ಎರಡನೆಯ ಬಾರಿ ಸೋತಿದ್ದೆ, ಮತ್ತು ಈ ಬಾರಿಯೂ ನನಗೆ ಆದದ್ದು ಸಂತೋಷವೇ.